ಫ್ರಾನ್ಸಿನ ಬೋರ್ಡೋ ವೈನ್ ಪ್ರದೇಶದ ಚರಿತ್ರೆ ಮತ್ತು ವರ್ತಮಾನ ಎರಡನ್ನೂ ತಿಳಿಸುವ ಒಂದು ಒಳ್ಳೆಯ ಪುಸ್ತಕ ಯಾವುದು?

ಇದೇ ಪ್ರಶ್ನೆಯನ್ನು ಇಟ್ಟುಕೊಂಡು ನಾನೂ ಹುಡುಕಾಡಿದ್ದೆ. ಕೊನೆಗೆ ಒಂದು ದಪ್ಪ ಪುಸ್ತಕವನ್ನು ಕೊಂಡು, ಇನ್ನು ಬೇರೆ ಪುಸ್ತಕದ ಗೊಡವೆಯೇ ಬೇಡವೆಂದು ನೆಮ್ಮದಿಯಿಂದ ಕುಳಿತಿದ್ದೆ. ಆ ನೆಮ್ಮದಿ 2023ರ ಆರಂಭದವರೆಗೆ ಬಾಳಿತು.

ಆಗ ಆಸಕ್ತರ ಒಂದು ಸಣ್ಣ ಕೂಟದಲ್ಲಿ ಬೋರ್ಡೋ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಚರಿತ್ರೆಯ ಭಾಗ ಸರಾಗವಾಗಿ ಮುಗಿಯಿತು. ಬೋರ್ಡೋದ ಒಂದು ಭಾಗವಾದ ಸೇಂಟ್ ಎಮಿಲಿಯಾನ್‌ನ ತೋಟಗಳ ಶ್ರೇಣಿಪಟ್ಟಿಗೆ ಬಂದಾಗ, ಅದರ ತುತ್ತತುದಿಯಲ್ಲಿ ಇರುವುದು ಎರಡೇ ಎರಡು ತೋಟಗಳು, ಓಸೋನ್ ಮತ್ತು ಶೆವಾಲ್ ಬ್ಲಾಂ, ಎಂದು ಬಹಳ ವಿಶ್ವಾಸದಿಂದ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ನನ್ನ ಮಾತು ಮುಗಿಯುವವರೆಗೂ ಕಾದು, "ಇದು ಯಾವ ವರ್ಷದ ಪಟ್ಟಿ?" ಎಂದು ಮೆಲ್ಲಗೆ ಕೇಳಿದರು. ನಾನು "2017" ಎಂದೆ. ಅವರು ನಕ್ಕರು. 2017ರಲ್ಲಿ ಅಂತಹ ಪಟ್ಟಿಯೇ ಬಂದಿರಲಿಲ್ಲ.

ಆದದ್ದೇನೆಂದರೆ, ಸೇಂಟ್ ಎಮಿಲಿಯಾನ್‌ನ ಶ್ರೇಣೀಕರಣವು 1955ರಲ್ಲಿ ಆರಂಭವಾಗಿ ಸುಮಾರು ಹತ್ತು ವರ್ಷಗಳಿಗೊಮ್ಮೆ ಪರಿಷ್ಕರಣೆಗೊಳ್ಳುತ್ತದೆ. ನಾನು ಓದಿದ್ದು 1996ರ ಪಟ್ಟಿಯನ್ನು. ಅದರ ಬಳಿಕ 2006ರ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ ರದ್ದಾಯಿತು; 2012ರಲ್ಲಿ ಆಂಜೆಲುಸ್ ಮತ್ತು ಪಾವಿ ತೋಟಗಳು ಮೇಲಿನ ಶ್ರೇಣಿಗೆ ಏರಿದವು; 2021ರಲ್ಲಿ ಓಸೋನ್ ಮತ್ತು ಶೆವಾಲ್ ಬ್ಲಾಂ, ಮರುವರ್ಷದ ಆರಂಭದಲ್ಲಿ ಆಂಜೆಲುಸ್, ಈ ವ್ಯವಸ್ಥೆಯಿಂದಲೇ ಹೊರನಡೆದವು; 2022ರ ಪಟ್ಟಿಯ ತುದಿಯಲ್ಲಿ ಉಳಿದವು ಪಾವಿ ಮತ್ತು ಫಿಜಾಕ್. ಅಂದರೆ ನಾನು ಹೇಳಿದ ಎರಡು ಹೆಸರುಗಳಲ್ಲಿ ಎರಡೂ ತಪ್ಪು. ಒಂದಾದರೂ ಸರಿಯಿದ್ದಿದ್ದರೆ ಮುಖ ಉಳಿಯುತ್ತಿತ್ತೇನೋ.

ಈ ತಪ್ಪು ನನ್ನಿಂದ ಹೇಗಾಯಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುವ ಸಂಭವವಿದೆ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಹಕ್ಕುಗಳ ವಿವರ ಇರುತ್ತದಲ್ಲವೇ, ಅಲ್ಲಿ ಎಲ್ಲಕ್ಕಿಂತ ಕೆಳಗೆ 2017 ಎಂದಿತ್ತು. ನಾನು ಅದನ್ನಷ್ಟೇ ನೋಡಿದ್ದೆ. ಅದು ಮರುಮುದ್ರಣದ ವರ್ಷ. ಅದಕ್ಕಿಂತ ನಾಲ್ಕು ಸಾಲು ಮೇಲೆ ಪಠ್ಯದ ವರ್ಷ 1997 ಎಂದು ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಪರಿಷ್ಕೃತ ಆವೃತ್ತಿ ಎಂದರೆ ಲೇಖಕರು ಮತ್ತೆ ಕುಳಿತು ತಿದ್ದಿದ್ದಾರೆ ಎಂದರ್ಥ. ಮರುಮುದ್ರಣ ಎಂದರೆ ಹಳೆಯ ಪುಟಗಳೇ ಹೊಸ ಕಾಗದದ ಮೇಲೆ ಬಂದಿವೆ ಎಂದರ್ಥ. ಹೊಳೆಯುವ ಹೊಸ ರಕ್ಷಾಪುಟ ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ. ಪುಸ್ತಕ ಸುಳ್ಳು ಹೇಳಿರಲಿಲ್ಲ, ನಾನು ಅದರ ವಯಸ್ಸನ್ನು ಕೇಳಿರಲಿಲ್ಲ. ಈಗ ಯಾವುದೇ ವೈನ್ ಪುಸ್ತಕ ಕೈಗೆ ಬಂದರೂ ಮೊದಲು ಆ ಪುಟವನ್ನು ತೆರೆಯುತ್ತೇನೆ, ಆಮೇಲೆ ಅದು ಉಲ್ಲೇಖಿಸುವ ಅತ್ಯಂತ ಇತ್ತೀಚಿನ ಸುಗ್ಗಿಯ ವರ್ಷ ಯಾವುದೆಂದು ಹುಡುಕುತ್ತೇನೆ. ಈ ಎರಡನೆಯ ಪರೀಕ್ಷೆ ಮೊದಲನೆಯದಕ್ಕಿಂತ ನಂಬಲರ್ಹ.

ಆದ್ದರಿಂದ ಎರಡನ್ನೂ ಹೇಳುವ ಒಂದು ಪುಸ್ತಕ ಬೇಕೆಂಬ ನಿಮ್ಮ ಬೇಡಿಕೆಯನ್ನೇ ನಾನು ಒಪ್ಪುವುದಿಲ್ಲ. ಚರಿತ್ರೆಯ ಪುಸ್ತಕ ಹಳೆಯದಾದರೂ ಬಾಳುತ್ತದೆ. ವರ್ತಮಾನದ ಪುಸ್ತಕ ಹಾಲಿನಂತೆ, ಬೇಗ ಒಡೆಯುತ್ತದೆ. ರೋಜೆ ದಿಯೋಂ 1959ರಲ್ಲಿ ಪ್ರಕಟಿಸಿದ ಫ್ರಾನ್ಸಿನ ದ್ರಾಕ್ಷಿ ಮತ್ತು ವೈನ್ ಚರಿತ್ರೆ ಇಂದಿಗೂ ತೂಕದ ಗ್ರಂಥ. ಬೋರ್ಡೋದ ಮತ್ತೊಂದು ಶ್ರೇಣಿಪಟ್ಟಿ, ಪ್ರಸಿದ್ಧವಾದ 1855ರದ್ದು, ಅದರ ಬಗ್ಗೆ ಡ್ಯೂಯಿ ಮಾರ್ಕಮ್ ಬರೆದ ಇಂಗ್ಲಿಷ್ ಪುಸ್ತಕವಿದೆ. ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ತಯಾರಾದ ಆ ಪಟ್ಟಿಯನ್ನು ದಲ್ಲಾಳಿಗಳು ಮಾರುಕಟ್ಟೆಯ ಬೆಲೆಯನ್ನು ಆಧರಿಸಿ ಕಟ್ಟಿದರು, ಮಣ್ಣನ್ನು ಅಳೆದು ಅಲ್ಲ, ಎಂಬುದು ಮನದಟ್ಟಾಗಲು ಅದನ್ನೇ ಓದಬೇಕು. ಫ್ರೆಂಚ್ ಬರುವುದಾದರೆ 1850ರಿಂದ ಆವೃತ್ತಿಯ ಮೇಲೆ ಆವೃತ್ತಿಯಾಗಿ ಬಂದ ಕಾಕ್ಸ್ ಮತ್ತು ಫೆರೆ ಕೈಪಿಡಿಯ ಎರಡು ಬೇರೆ ಬೇರೆ ಕಾಲದ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಹಳತಾಗಿರುವುದೇ ಗುಣ.

ಅಂಗಡಿಯಲ್ಲಿ ನಿಂತು ಪುಟ ತಿರುವುವಾಗ ನಾನು ನೋಡುವುದು 1453 ಮತ್ತು 1855ರ ನಡುವಿನ ಭಾಗವನ್ನು. 1152ರಲ್ಲಿ ಅಕ್ವಿಟೇನ್‌ನ ಎಲಿನಾರ್ ಮತ್ತು ಮುಂದೆ ಇಂಗ್ಲೆಂಡಿನ ದೊರೆಯಾದ ಹೆನ್ರಿಯ ಮದುವೆಯಿಂದ ಆ ಸೀಮೆ ಇಂಗ್ಲೆಂಡಿನ ನಂಟಿಗೆ ಬಂದದ್ದನ್ನೂ, 1453ರ ಕಾಸ್ತಿಯೋಂ ಯುದ್ಧದಿಂದ ಅದು ಕೈತಪ್ಪಿದ್ದನ್ನೂ ಎಲ್ಲರೂ ಬರೆಯುತ್ತಾರೆ. ನಂತರದ ನಾಲ್ಕು ನೂರು ವರ್ಷಗಳನ್ನು ಹಲವರು ಎರಡು ಪುಟಗಳಲ್ಲಿ ದಾಟಿಬಿಡುತ್ತಾರೆ. ಬೋರ್ಡೋದ ಇನ್ನೊಂದು ಭಾಗವಾದ ಮೆಡಾಕ್‌ನ ಜೌಗುನೆಲವನ್ನು ಹದಿನೇಳನೆಯ ಶತಮಾನದಲ್ಲಿ ಡಚ್ಚರು ಬಸಿದು ಒಣಗಿಸಿದ್ದು, 1663ರಲ್ಲಿ ಇಂಗ್ಲಿಷ್ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್ ಲಂಡನ್ನಿನಲ್ಲಿ ಓ ಬ್ರಿಯೋಂ ತೋಟದ ವೈನ್ ಕುಡಿದು ದಿನಚರಿಯಲ್ಲಿ ಬರೆದಿಟ್ಟಿದ್ದು, ಬೋರ್ಡೋ ನಗರದ ಶಾರ್ತ್ರೋಂ ನದೀದಂಡೆಯ ವರ್ತಕರು ವ್ಯಾಪಾರವನ್ನು ಕೈಯಲ್ಲಿ ಹಿಡಿದದ್ದು, ಇವೆಲ್ಲ ನಡೆದದ್ದು ಆ ಅವಧಿಯಲ್ಲೇ. ರೋಗಗಳ ಅಧ್ಯಾಯವನ್ನೂ ತಪ್ಪದೆ ನೋಡುತ್ತೇನೆ. ನಮ್ಮ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಹೆಸರು ಬಂದದ್ದೇ ಅಲ್ಲಿಂದ: ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿದಿದ್ದರು, ಆ ಬಳ್ಳಿಗಳಿಗೆ ಬೂಜುರೋಗ ತಗುಲದಿದ್ದುದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ದೆ 1885ರಲ್ಲಿ ಆ ಮಿಶ್ರಣದ ವಿವರವನ್ನು ಪ್ರಕಟಿಸಿದರು. ಇಂಥದ್ದಕ್ಕೆ ಜಾಗವಿಲ್ಲದೆ ಭವನಗಳ ಚಿತ್ರಗಳಿಗೆ ಮಾತ್ರ ಜಾಗವಿದ್ದರೆ ಅದು ಪ್ರಚಾರಪುಸ್ತಿಕೆ.

ವರ್ತಮಾನಕ್ಕೆ ಜೇನ್ ಆನ್ಸನ್ ಅವರ 2020ರ ಪುಸ್ತಕ ಒಳ್ಳೆಯ ಮೆಟ್ಟಿಲು, ಆದರೆ ಅದೂ ಹಳತಾಗುತ್ತಿದೆ. ಬದಲಾಗುತ್ತಿರುವ ಹವಾಮಾನಕ್ಕೆ ಹೊಂದುವ ಆರು ಹೊಸ ದ್ರಾಕ್ಷಿ ತಳಿಗಳಿಗೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ; ಮಾರಾಟವಾಗದ ವೈನಿನ ಹೊರೆ ಇಳಿಸಲು ಹೆಕ್ಟೇರಿಗೆ 6,000 ಯೂರೋ ಪರಿಹಾರ ಕೊಟ್ಟು ಸುಮಾರು 9,500 ಹೆಕ್ಟೇರ್ ಬಳ್ಳಿಯನ್ನು ಕೀಳಿಸುವ ಯೋಜನೆ ಬಂದದ್ದು 2023ರಲ್ಲಿ. ಇವನ್ನು ಅಲ್ಲಿನ ವೈನ್ ಮಂಡಳಿಯ ವಾರ್ಷಿಕ ಅಂಕಿಅಂಶಗಳಲ್ಲಿ ಮತ್ತು ವೈನಿನ ಮೂಲಸ್ಥಾನದ ಹೆಸರುಗಳನ್ನು ನಿಯಂತ್ರಿಸುವ ಫ್ರಾನ್ಸಿನ ಸಂಸ್ಥೆ ಪ್ರಕಟಿಸುವ ನಿಯಮಾವಳಿಗಳಲ್ಲಿ ಓದಿ. ಅವು ಒಣ ಓದು ನಿಜ, ಆದರೆ ಪ್ರತಿಯೊಂದರ ಮೇಲೂ ದಿನಾಂಕವಿರುತ್ತದೆ.

ನೀವು ಕೊಳ್ಳುವುದು ಒಂದೇ ಪುಸ್ತಕವೆಂದಾದರೆ ಮಾರ್ಕಮ್ ಅವರದ್ದನ್ನು ಕೊಳ್ಳಿ. ನನ್ನ ದಪ್ಪ ಪುಸ್ತಕವನ್ನು ನಾನು ಎಸೆದಿಲ್ಲ. ಅದರ ಬೆನ್ನಿಗೆ 1997 ಎಂದು ಬರೆದ ಚೀಟಿಯನ್ನು ಅಂಟಿಸಿ, ಚರಿತ್ರೆಯ ಸಾಲಿಗೆ ಸರಿಸಿದ್ದೇನೆ.