ಸೀಟು ಲಿಯಾನ್‌ನಲ್ಲಿ, ರೂಮು ವಿಲರ್ಬಾನ್‌ನಲ್ಲಿ: ಸಂಪಾದಕರ ಉತ್ತರ

ದಾವಣಗೆರೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಮಗಳಿಗೆ ಫ್ರಾನ್ಸಿನ ಇನ್ಸಾ ಲಿಯಾನ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಆದರೆ ಹಾಸ್ಟೆಲ್ ಪತ್ರದಲ್ಲಿ ವಿಲರ್ಬಾನ್ ಅಂತಿದೆ. ವಿಚಾರಿಸಿದರೆ ಅದು ಲಿಯಾನ್‌ನ ಹೊರವಲಯವಂತೆ. ಫ್ರಾನ್ಸಿನ ಹೊರವಲಯ ಅಂದ್ರೆ ಟಿವಿಯಲ್ಲಿ ಬರೀ ಉರಿಯುವ ಕಾರುಗಳನ್ನೇ ನೋಡಿದ್ದೇವೆ. ನಮಗೆ ಮೋಸ ಆಗಿದೆಯಾ? ಅಂಥ ಕಡೆ ಮಗಳನ್ನು ಕಳಿಸಬಹುದಾ?"

ಮೋಸ ಆಗಿಲ್ಲ ಮೇಡಂ. ಇನ್ಸಾ ಲಿಯಾನ್ ಇರುವುದೇ ವಿಲರ್ಬಾನ್‌ನಲ್ಲಿ. 1957ರಲ್ಲಿ ಶುರುವಾದಾಗಿನಿಂದಲೂ ಅಲ್ಲೇ. ಊರಿನ ಉತ್ತರಕ್ಕೆ ಲಾ ದೂವಾ ಅಂತ ದೊಡ್ಡ ಕ್ಯಾಂಪಸ್ ಇದೆ. ಕ್ಲೋದ್ ಬೆರ್ನಾರ್ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳೂ ಅದರಲ್ಲೇ ಇವೆ. ಕೆಲಸ ವಿಲರ್ಬಾನ್‌ನದು, ಹೆಸರು ಲಿಯಾನ್‌ಗೆ. ಈ ಊರಿಗೆ ಇದು ಅಭ್ಯಾಸವಾಗಿಬಿಟ್ಟಿದೆ.

ಲಿಯಾನ್‌ನಿಂದ ಪೂರ್ವಕ್ಕೆ ನಡೆಯುತ್ತಾ ಹೋದರೆ ವಿಲರ್ಬಾನ್ ಯಾವಾಗ ಬಂತು ಅಂತ ಗೊತ್ತೇ ಆಗುವುದಿಲ್ಲ. ನಡುವೆ ಹೊಲವಿಲ್ಲ, ಖಾಲಿ ಜಾಗವಿಲ್ಲ. ಆದರೂ ಇದು ಬೇರೆಯೇ ಊರು. ಇದಕ್ಕೆ ತನ್ನದೇ ಮೇಯರ್, ತನ್ನದೇ ಪುರಸಭೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ. 1852ರಲ್ಲಿ ಲಿಯಾನ್ ಪಕ್ಕದ ಗಿಯೊತಿಯೇರ್, ಕ್ರೂವಾ ರೂಸ್, ವೇಸ್ ಮೂರನ್ನೂ ತನ್ನೊಳಗೆ ಸೇರಿಸಿಕೊಂಡಿತು. ವಿಲರ್ಬಾನ್ ಉಳಿದುಕೊಂಡಿತು. ಆಮೇಲೂ ಲಿಯಾನ್‌ಗೆ ಇದರ ಮೇಲೆ ಒಂದು ಕಣ್ಣು ಇದ್ದೇ ಇತ್ತು.

ಇಲ್ಲಿ ಬಟ್ಟೆ, ಬಣ್ಣ, ಯಂತ್ರಗಳ ಕಾರ್ಖಾನೆಗಳು ಬಂದವು. 1901ರಿಂದ 1931ರೊಳಗೆ ಜನಸಂಖ್ಯೆ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಮನೆಗಳು ಅಷ್ಟು ಬೇಗ ಏಳುತ್ತವೆಯೇ? ಕೂಲಿಕಾರರು ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು. 1924ರಲ್ಲಿ ಮೇಯರ್ ಆದ ಲಝಾರ್ ಗೂಜೋಂ ವೃತ್ತಿಯಿಂದ ಡಾಕ್ಟರು. ಔಷಧಿ ಚೀಟಿ ಬರೆದು ಪ್ರಯೋಜನವಿಲ್ಲ, ಮನೆಯನ್ನೇ ಕಟ್ಟಬೇಕು ಅಂತ ಹೊರಟವರು. ವಾಸ್ತುಶಿಲ್ಪಿ ಮೊರೀಸ್ ಲೆರೂ ಜೊತೆ ಸೇರಿ ಊರಿಗೆ ಒಂದು ಹೊಸ ನಡುಪೇಟೆಯನ್ನೇ ಕಟ್ಟಿಸಿದರು. ಅದೇ ಗ್ರಾತ್ ಸಿಯೆಲ್. 1934ರಲ್ಲಿ ಉದ್ಘಾಟನೆಯಾಯಿತು.

ನಿಮ್ಮ ಮಗಳು ಅಲ್ಲಿಗೆ ಒಮ್ಮೆ ಹೋಗಲೇಬೇಕು. ಬೀದಿಯ ಬಾಯಲ್ಲಿ 19 ಮಹಡಿಯ ಎರಡು ಗೋಪುರಗಳು ಎದುರುಬದುರು ನಿಂತಿವೆ. ಒಳಗೆ ಹೋದರೆ ಎರಡೂ ಬದಿ ಬಿಳಿ ಕಟ್ಟಡಗಳ ಸಾಲು. ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಮಹಡಿಗಳು ಮೆಟ್ಟಿಲಿನ ಹಾಗೆ ಹಿಂದಕ್ಕೆ ಸರಿಯುತ್ತಾ ಹೋಗುತ್ತವೆ, ಹಾಗಾಗಿ ಅಲ್ಲಿನವರಿಗೆ ಬಿಸಿಲೂ ಇದೆ, ಕೂರಲು ತಾರಸಿಯೂ ಇದೆ. ಬೀದಿಯ ಕೊನೆಗೆ ಪುರಸಭೆ. ಅದರ ಹಿಂದೆ ಚೌಕ, ಚೌಕದಾಚೆ ಕಾರ್ಮಿಕರಿಗೆಂದು ಕಟ್ಟಿದ ಭವನ. ಅದರೊಳಗೆ ನಾಟಕಶಾಲೆ, ಈಜುಕೊಳ! ಮನೆಗಳಿಗೆ ಲಿಫ್ಟ್, ಚಳಿಗಾಲಕ್ಕೆ ಒಂದೇ ಕಡೆಯಿಂದ ಎಲ್ಲಕ್ಕೂ ಶಾಖ. ಆ ಕಾಲದಲ್ಲಿ, ಕೂಲಿಕಾರರ ಊರಲ್ಲಿ ಇಷ್ಟೆಲ್ಲ ಮಾಡಿದ್ದು ಸುಮ್ನೆ ಮಾತಲ್ಲ.

ಆದರೆ ಆರ್ಥಿಕ ಕುಸಿತದ ಕಾಲ ಅದು. ಎಷ್ಟೋ ಮನೆಗಳಿಗೆ ಬಾಡಿಗೆಗೆ ಜನ ಸಿಗಲಿಲ್ಲ. ಸಾಲ ಪುರಸಭೆಯ ಕುತ್ತಿಗೆಗೆ ಬಂತು. 1935ರ ಚುನಾವಣೆಯಲ್ಲಿ ಗೂಜೋಂ ಸೋತರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದೇ ಜನ ಅವರನ್ನು ಮತ್ತೆ ಮೇಯರ್ ಕುರ್ಚಿಗೆ ಕರೆತಂದರು. ಪುರಸಭೆ ಹಿಂದಿನ ಆ ಚೌಕಕ್ಕೆ ಈಗ ಅವರದೇ ಹೆಸರು. ಅಲ್ಲಿನ ನಾಟಕಶಾಲೆಗೆ 1972ರಲ್ಲಿ ಪ್ಯಾರಿಸ್‌ನಿಂದ ರಾಷ್ಟ್ರೀಯ ಜನರಂಗಭೂಮಿಯ ಪಟ್ಟವೇ ಬಂತು. ರಾಜಧಾನಿಯಿಂದ ಅಂಥದ್ದೊಂದು ಪಟ್ಟ ಹೊರವಲಯದ ಊರಿಗೆ ಬರುವುದು ಅಪರೂಪ, ಅಲ್ವಾ?

ಇನ್ನು ನಿಮ್ಮ ಭಯದ ವಿಷಯ. ಗಲಾಟೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಪಕ್ಕದ ವೋ ಆಂ ವೆಲಾಂನಲ್ಲಿ 1990ರಲ್ಲಿ ದೊಡ್ಡ ಗಲಭೆಯಾಗಿತ್ತು. 2023ರ ಜೂನ್ ಕೊನೆಯಲ್ಲಿ ದೇಶವೆಲ್ಲ ಹೊತ್ತಿಕೊಂಡಾಗ ಬಿಸಿ ವಿಲರ್ಬಾನ್‌ಗೂ ತಟ್ಟಿತು. ಕೆಲಸವಿಲ್ಲದ ಹುಡುಗರು, ಪೊಲೀಸರ ಮೇಲೆ ಸಿಟ್ಟು, ಊರಾಚೆ ಕಟ್ಟಿ ಮರೆತುಬಿಟ್ಟ ಎತ್ತರದ ವಸತಿ ಸಂಕೀರ್ಣಗಳು, ಇವೆಲ್ಲ ನಿಜ. ಆದರೆ ಟಿವಿ ಬರುವುದು ಬೆಂಕಿ ಬಿದ್ದ ರಾತ್ರಿ ಮಾತ್ರ. ಹೊರವಲಯ ಅಂದಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಶ್ರೀಮಂತರೇ ತುಂಬಿರುವ ಹೊರವಲಯಗಳೂ ಫ್ರಾನ್ಸಿನಲ್ಲಿವೆ. ವಿಲರ್ಬಾನ್ ಇವೆರಡರ ನಡುವಿನ ಊರು: ಕಾರ್ಮಿಕರು, ವಲಸೆ ಬಂದವರು, ಮೇಷ್ಟ್ರುಗಳು, ಸಾವಿರಾರು ವಿದ್ಯಾರ್ಥಿಗಳು. ದೊಡ್ಡ ಊರಲ್ಲಿ ರಾತ್ರಿ ಇರಬೇಕಾದ ಎಚ್ಚರ ಇಲ್ಲೂ ಇರಲಿ. ನನ್ನ ಮಗಳಾಗಿದ್ದರೆ ಖಂಡಿತ ಕಳಿಸುತ್ತಿದ್ದೆ.

ಎರಡು ಸಣ್ಣ ವಿಷಯ. ಪಾರ್ಸೆಲ್ ಕಳಿಸುವಾಗ ವಿಳಾಸದಲ್ಲಿ ಲಿಯಾನ್ ಅಂತ ಬರೆಯಬೇಡಿ. ವಿಲರ್ಬಾನ್‌ನ ಪಿನ್ 69100. ಲಿಯಾನ್‌ನವು 69001ರಿಂದ 69009ರವರೆಗೆ. ಇನ್ನೊಂದು, ವಿಮಾನ ಇಳಿದ ಮೇಲೆ ಟ್ಯಾಕ್ಸಿಗೆ ದುಡ್ಡು ಸುರಿಯುವುದು ಬೇಡ. ರೋನ್‌ಎಕ್ಸ್‌ಪ್ರೆಸ್ ಟ್ರಾಮ್ ಹತ್ತಿ ಪಾರ್ ದ್ಯೂನಲ್ಲಿ ಇಳಿಯಲಿ. ಅಲ್ಲಿಂದ ಟಿ1 ಟ್ರಾಮ್ ಅವಳನ್ನು ಲಾ ದೂವಾ ಕ್ಯಾಂಪಸ್ಸಿನೊಳಗೇ ಬಿಡುತ್ತದೆ.

- ಸಂಪಾದಕ