ಒಬಿವಿ ಮೇಲಕ್ಕೆ, ಎ/ಡಿ ಲೈನ್ ಕೆಳಕ್ಕೆ ಹೋದಾಗ

ಒಂದೇ ಶೇರಿನಲ್ಲಿ ಒಬಿವಿ (ಆನ್ ಬ್ಯಾಲೆನ್ಸ್ ವಾಲ್ಯೂಮ್) ಏರುತ್ತಿದೆ, ಅಕ್ಯುಮುಲೇಷನ್/ಡಿಸ್ಟ್ರಿಬ್ಯೂಷನ್ (ಎ/ಡಿ) ಲೈನ್ ಮಾತ್ರ ಇಳಿಯುತ್ತಿದೆ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಕೊಳ್ಳುವವರ ಒತ್ತಡ ಹೆಚ್ಚೋ ಮಾರುವವರದೋ ಅಂತ ತಿಳಿಯಲು, ವಾಲ್ಯೂಮನ್ನು, ಅಂದರೆ ಕೈಬದಲಾದ ಶೇರುಗಳ ಸಂಖ್ಯೆಯನ್ನು, ದಿನದಿನವೂ ಕೂಡಿಸುತ್ತಲೋ ಕಳೆಯುತ್ತಲೋ ಹೋಗುವ ಗೆರೆಗಳಿವು. ನಿಮ್ಮ ಚಾರ್ಟಿನಲ್ಲಿ ತಪ್ಪೇನೂ ಇಲ್ಲ. ಎರಡರ ಲೆಕ್ಕ ಬೇರೆ ಬೇರೆ, ಅಷ್ಟೇ.

1963ರಲ್ಲಿ ಅಮೆರಿಕದ ಶೇರು ವಿಶ್ಲೇಷಕ ಜೋಸೆಫ್ ಗ್ರಾನ್‌ವಿಲ್ ಜನಪ್ರಿಯಗೊಳಿಸಿದ ಒಬಿವಿ, ಬೆಲೆಯಲ್ಲಿ ನೋಡುವುದು ನಿನ್ನೆಯ ಮತ್ತು ಇವತ್ತಿನ ಕ್ಲೋಸಿಂಗ್ (ದಿನದ ಕೊನೆಯ ಬೆಲೆ) ಮಾತ್ರ. ಇವತ್ತು ಚೂರು ಮೇಲೆ ಮುಗಿದರೂ ಇಡೀ ದಿನದ ವಾಲ್ಯೂಮನ್ನು ಕೂಡಿಸಿಬಿಡುತ್ತದೆ, ಕೆಳಗೆ ಮುಗಿದರೆ ಕಳೆದುಬಿಡುತ್ತದೆ. ಎ/ಡಿ ಲೈನಿಗೆ ನಿನ್ನೆಯ ಗೊಡವೆಯೇ ಇಲ್ಲ. ಇವತ್ತಿನ ಹೈ ಮತ್ತು ಲೋ ನಡುವೆ ಕ್ಲೋಸಿಂಗ್ ಎಲ್ಲಿದೆ ಅನ್ನುವುದೇ ಅದಕ್ಕೆ ಮುಖ್ಯ.

ನಿನ್ನೆ ಕ್ಲೋಸಿಂಗ್ 100 ಅಂದುಕೊಳ್ಳಿ. ಇವತ್ತು 108ಕ್ಕೆ ಶುರುವಾಗಿ, ಹೈ 110, ಲೋ 103, ಕೊನೆಗೆ 104. ವಾಲ್ಯೂಮ್ 1 ಲಕ್ಷ. ಒಬಿವಿಗೆ ಪೂರ್ತಿ 1 ಲಕ್ಷ ಸೇರುತ್ತದೆ. ಎ/ಡಿಯಲ್ಲಿ ಕ್ಲೋಸಿಂಗ್ ಲೋಗಿಂತ 1 ಮೇಲೆ, ಹೈಗಿಂತ 6 ಕೆಳಗೆ, ಹೈ-ಲೋ ಅಂತರ 7; ಹಾಗಾಗಿ (1 − 6) ÷ 7 ಅನ್ನು ವಾಲ್ಯೂಮಿನಿಂದ ಗುಣಿಸಿದರೆ ಸುಮಾರು 71 ಸಾವಿರ ಕಳೆಯುತ್ತದೆ. ಒಂದೇ ದಿನ, ಎರಡು ವಿರುದ್ಧ ತೀರ್ಪು!

ನಿಮ್ಮ ಶೇರಿನಲ್ಲೂ ಬಹುಶಃ ಇದೇ ಆಗುತ್ತಿದೆ: ಗ್ಯಾಪ್ ಅಪ್ ಆಗಿ, ಅಂದರೆ ನಿನ್ನೆಗಿಂತ ಒಮ್ಮೆಲೇ ಮೇಲಿನ ಬೆಲೆಗೆ ತೆರೆದು, ದಿನವಿಡೀ ಮಾರಾಟ. ಚಾರ್ಟಿನ ಕ್ಯಾಂಡಲ್‌ಗಳನ್ನು (ದಿನದ ಬೆಲೆ ತೋರಿಸುವ ಪಟ್ಟಿಗಳನ್ನು) ನೋಡಿ. ಮೇಲಿನ ನೆರಳು (ಪಟ್ಟಿಯ ತುದಿಯಿಂದ ದಿನದ ಹೈವರೆಗಿನ ತೆಳು ಗೆರೆ) ಉದ್ದವಿದ್ದು, ವಾಲ್ಯೂಮೂ ಜಾಸ್ತಿ ಇದ್ದರೆ ನಾನಂತೂ ಎ/ಡಿ ಮಾತು ಕೇಳುತ್ತೇನೆ, ಹೊಸದಾಗಿ ಕೊಳ್ಳಲು ಹೋಗುವುದಿಲ್ಲ. ಆದರೆ ಗ್ಯಾಪ್ ದಿನದಿಂದ ದಿನಕ್ಕೆ ಉಳಿದುಕೊಂಡರೆ ಎ/ಡಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ಅದರ ದೌರ್ಬಲ್ಯ.

ಇನ್ನೊಂದು, ಒಬಿವಿಯ ಅಂಕಿ ಎಷ್ಟಿದೆ ಅಂತ ಸುಮ್ನೆ ತಲೆಕೆಡಿಸಿಕೊಳ್ಳಬೇಡಿ. ಚಾರ್ಟ್ ಶುರುವಾದ ದಿನ ಬದಲಾದರೆ ಅದೂ ಬದಲಾಗುತ್ತದೆ. ದಿಕ್ಕು ನೋಡಿದರೆ ಸಾಕು.