ಒಂದು ಸ್ವರಾನೂ ನುಡಿಸದವರ ಮೇಲೆ ಇಷ್ಟೊಂದು ಅಭಿಮಾನ ಯಾಕೆ?

ಪ್ರಶ್ನೆ: ಮೇಡಂ, ನೀವು ಆಗಾಗ ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾ ನಡೆಸೋ ಕಂಡಕ್ಟರ್ ಜುಬಿನ್ ಮೆಹ್ತಾ ಹೆಸರು ಹೇಳ್ತಿರ್ತೀರ ಅಂತ ಯೂಟ್ಯೂಬಲ್ಲಿ ನೋಡ್ದೆ. ಅವರು ಯಾವ ವಾದ್ಯಾನೂ ಮುಟ್ಟಲ್ಲ, ಬರೀ ಕೋಲು ಆಡಿಸ್ತಾರೆ. ನುಡಿಸೋರ ಮುಂದೆ ಬರೆದಿರೋ ಹಾಳೆ ಇದ್ದೇ ಇರುತ್ತಲ್ಲ, ಮತ್ತೆ ಇವರು ಯಾಕೆ ಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಳೆ ಇರುತ್ತೆ ನಿಜ, ಆದ್ರೆ ಒಬ್ಬೊಬ್ಬರ ಹಾಳೆಲೂ ಅವರವರ ಭಾಗ ಮಾತ್ರ ಇರುತ್ತೆ. ಎಲ್ಲರ ಭಾಗಾನೂ ಒಟ್ಟಿಗೆ ಇರೋ ಸ್ಕೋರ್ ಇರೋದು ಕಂಡಕ್ಟರ್ ಹತ್ರ. ಜೋರಾಗಿ ಅಂತ ಬರೆದಿದ್ರೆ ಎಷ್ಟು ಜೋರು, ಈ ಹಾಲ್‌ನಲ್ಲಿ ಕೊಳಲು ಮುಳುಗಿಹೋಗ್ತಿದ್ಯಾ, ಇಲ್ಲಿ ಎಷ್ಟು ತಡೀಬೇಕು, ಇದನ್ನೆಲ್ಲ ಯಾರಾದ್ರೂ ಒಬ್ಬರು ಕೇಳಿಸ್ಕೊಂಡು ತೀರ್ಮಾನ ಮಾಡ್ಬೇಕು. ನಮ್ಮ ಕಚೇರೀಲಿ ಹಾಡೋರು ತಾಳ ಹಾಕೋದು ಹಾಡಿನ ಜೊತೆಜೊತೆಗೇ, ಆರ್ಕೆಸ್ಟ್ರಾದಲ್ಲಿ ಕಂಡಕ್ಟರ್ ಕೈ ನಾದಕ್ಕಿಂತ ಒಂಚೂರು ಮುಂದೆ ಹೋಗುತ್ತೆ, ಬರಬೇಕಾದ ನಾದ ಹೇಗಿರ್ಬೇಕು ಅಂತ ಮೊದಲೇ ತೋರಿಸುತ್ತೆ. ಮುಕ್ಕಾಲು ಕೆಲಸ ರಿಹರ್ಸಲ್‌ನಲ್ಲೇ ಮುಗಿದಿರುತ್ತೆ.

ಮೆಹ್ತಾ ಅವರೇ ಯಾಕೆ ಅಂದ್ರೆ, ಅವರು ಹುಟ್ಟಿದ್ದು 1936ರಲ್ಲಿ ಮುಂಬೈಲಿ, ಅದಕ್ಕೆ ಒಂದು ವರ್ಷ ಮೊದಲೇ ಅವರಪ್ಪ ಮೆಹ್ಲಿ ಮೆಹ್ತಾ, ಪಿಟೀಲು ನುಡಿಸ್ತಿದ್ದೋರು, ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ್ರು. ಮಗನನ್ನ ಡಾಕ್ಟರ್ ಓದಿಗೆ ಹಾಕಿದ್ರು, ಅವರು ಅದನ್ನ ಬಿಟ್ಟು 1954ರಲ್ಲಿ, ಹದಿನೆಂಟನೇ ವಯಸ್ಸಿಗೆ, ವಿಯೆನ್ನಾಕ್ಕೆ ಹೋದ್ರು. ಅಲ್ಲಿ ದೊಡ್ಡದೊಡ್ಡವರ ರಿಹರ್ಸಲ್‌ಗೆ ಹೊರಗಿನವರನ್ನ ಬಿಡ್ತಿರ್ಲಿಲ್ಲ, ಅದಕ್ಕೆ ಇವರೂ ಸಹಪಾಠಿ ಕ್ಲಾಡಿಯೋ ಅಬ್ಬಾಡೋನೂ ಕೋರಸ್‌ಗೆ, ಅಂದ್ರೆ ಗುಂಪಾಗಿ ಹಾಡೋ ತಂಡಕ್ಕೆ, ಸೇರ್ಕೊಂಡು, ಮಂದ್ರದಲ್ಲಿ ಹಾಡೋರ ಸಾಲಲ್ಲಿ ನಿಂತು, ಹಾಡ್ತಾ ಹಾಡ್ತಾನೇ ಕರಾಯನ್, ಬ್ರೂನೋ ವಾಲ್ಟರ್ ಅಂಥ ಹೆಸರಾಂತ ಕಂಡಕ್ಟರ್‌ಗಳ ಕೈ ನೋಡಿ ಕಲಿತ್ರು. ಈ ಸಂಗತಿ ನಾನು ಎಷ್ಟು ಜನಕ್ಕೆ ಹೇಳಿದ್ದೀನೋ! ಕಲಿಯೋ ಹಸಿವು ಅಂದ್ರೆ ಇದು. 1962ಕ್ಕೆ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಅವರ ಕೈಗೆ ಬಂತು, ಆಮೇಲೆ ನ್ಯೂಯಾರ್ಕ್, ಜೊತೆಗೆ ಇಸ್ರೇಲ್.

ಅವರು ಕಲಿತ ವಾದ್ಯ ಡಬಲ್ ಬಾಸ್, ಪಿಟೀಲಿನ ಜಾತಿಲೇ ಎಲ್ಲಕ್ಕಿಂತ ದೊಡ್ಡದು, ತಗ್ಗಿನ ದನಿದು. ನನ್ನ ಕಿವಿಗಂತೂ ಅವರ ಆರ್ಕೆಸ್ಟ್ರಾದ ನಾದ ತಳದಿಂದ ಎದ್ದು ಬರುತ್ತೆ. ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ 1975ರಲ್ಲಿ ಮಾಡಿದ ಮಾಹ್ಲರ್ ಅನ್ನೋ ರಚನೆಕಾರರ ಎರಡನೇ ಸಿಂಫನಿ (ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ಕ್ಯಾಸೆಟ್ ಕಾಲೇಜಿನ ದಿನಗಳಲ್ಲಿ ಕೈಗೆ ಸಿಕ್ತು, ಶುರುಲೇ ಚೆಲ್ಲೋ, ಬಾಸ್‌ಗಳು ರೊಚ್ಚಿಗೆದ್ದ ಹಾಗೆ ನುಗ್ಗಿ ಬರ್ತಾವೆ, ಅವತ್ತಿಂದ ಈ ಮನುಷ್ಯರನ್ನ ಬಿಟ್ಟಿಲ್ಲ ನಾನು. ಸಾವಿನಿಂದ ಶುರುವಾಗಿ ಮತ್ತೆ ಎದ್ದು ಬರೋ ಆ ಸಿಂಫನೀನ ಅವರು 1999ರಲ್ಲಿ ನಾಜಿಗಳ ಬುಕೆನ್‌ವಾಲ್ಡ್ ಶಿಬಿರ ಇದ್ದ ಜಾಗದ ಹತ್ರ, ಜರ್ಮನಿಯ ಆರ್ಕೆಸ್ಟ್ರಾ ಇಸ್ರೇಲ್‌ನ ಆರ್ಕೆಸ್ಟ್ರಾ ಎರಡನ್ನೂ ಒಟ್ಟಿಗೆ ಕೂರಿಸಿ ನುಡಿಸಿದ್ರು. 2019ರಲ್ಲಿ ಇಸ್ರೇಲ್ ಫಿಲ್ಹಾರ್ಮೋನಿಕ್‌ಗೆ ವಿದಾಯ ಹೇಳಿದಾಗ್ಲೂ ಅದೇ ಕೃತಿ. 1994ರಲ್ಲಿ ಬೋಸ್ನಿಯಾದ ಸರಾಯೆವೋದಲ್ಲಿ ಸುಟ್ಟುಹೋದ ಲೈಬ್ರರಿಯೊಳಗೆ, ಯುದ್ಧ ಇನ್ನೂ ನಡೀತಿರುವಾಗ್ಲೇ, ಮೊಜಾರ್ಟ್‌ನ ರೆಕ್ವಿಯಂ, ಅಂದ್ರೆ ಸತ್ತವರ ಶಾಂತಿಗಾಗಿ ಹಾಡೋ ಕೃತಿ, ಮಾಡಿದ್ರು. ಸಂಗೀತದಿಂದ ಯುದ್ಧ ನಿಲ್ಲಲ್ಲ, ಅದು ನಂಗೂ ಗೊತ್ತು, ಆದ್ರೂ ಅಲ್ಲಿಗೆ ಹೋಗಿ ನಿಂತ್ರಲ್ಲ, ಅದಕ್ಕೇ ನನ್ನ ಅಭಿಮಾನ.

ಪ್ರಶ್ನೆ: ನಮ್ಮ ಸಂಗೀತದವರ ಜೊತೆ ಅವರು ಕೆಲಸ ಮಾಡಿದ್ದಾರಾ? ಕೇಳೋಕೆ ಎಲ್ಲಿಂದ ಶುರು ಮಾಡ್ಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಮಾಡಿದ್ದಾರೆ. ರವಿಶಂಕರ್ ಅವರ ಎರಡನೇ ಸಿತಾರ್ ಕನ್ಚೆರ್ಟೋ (ಒಂದು ವಾದ್ಯ ಮುಂದಿದ್ದು ಆರ್ಕೆಸ್ಟ್ರಾ ಜೊತೆಗೂಡೋ ಕೃತಿ) 1981ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ಸಲ ನುಡಿಸಿದಾಗ ಕಂಡಕ್ಟರ್ ಇವರೇ. ನಮ್ಮ ಬೆಂಗಳೂರಲ್ಲಿರೋ ಪಿಟೀಲು ವಿದ್ವಾಂಸ ಎಲ್. ಸುಬ್ರಮಣ್ಯಂ ಅವರ ರಚನೇನೂ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ಮಾಡಿದ್ದಾರೆ. ರಾಗ ಗೊತ್ತಿರೋರು ಸಿತಾರ್ ಕನ್ಚೆರ್ಟೋ ಮೊದಲು ಕೇಳಿ. ಅದಾದ್ಮೇಲೆ ಅವರ ವಿಯೆನ್ನಾ ಹೊಸವರ್ಷದ ಕಚೇರಿಗಳು, ಐದು ಸಲ ಮಾಡಿದ್ದಾರೆ, ಚಿಕ್ಕಚಿಕ್ಕ ವಾಲ್ಟ್ಸ್ ಅನ್ನೋ ನೃತ್ಯದ ಧಾಟಿಗಳು, ಮಕ್ಕಳೂ ಕೂತು ಕೇಳ್ತಾರೆ. ಮಾಹ್ಲರ್ ಕೊನೆಗಿರ್ಲಿ, ಹತ್ರಹತ್ರ ಒಂದೂವರೆ ಗಂಟೆ ಬೇಕು, ಮತ್ತೆ ದಯವಿಟ್ಟು ಮೊಬೈಲ್ ಸ್ಪೀಕರಲ್ಲಿ ಹಾಕ್ಬೇಡಿ, ಆ ಬಾಸ್‌ಗಳು ಅದ್ರಲ್ಲಿ ಕೇಳಿಸೋದೇ ಇಲ್ಲ, ಒಳ್ಳೆ ಹೆಡ್‌ಫೋನ್ ಯಾರ ಹತ್ರನಾದ್ರೂ ಇಸ್ಕೊಂಡಾದ್ರೂ ಕೇಳಿ.